ಕ್ಯಾತಗಾನಚೆರ್ಲಿಗೆ ನಿಂತು ಓಡಿಸೋ ಗಾಡಿ ಬೇಕು

ಪಾವಗಡದಿಂದ ತುಮಕೂರಿಗೆ ಬರೋ ಬಸ್ಸಿನಲ್ಲಿ ಕಂಡಕ್ಟರನ್ನು ಒಮ್ಮೆ ಗಮನಿಸಿ ನೋಡಿ. ಬಸ್ಸು ಗುಂಡಿಗೆ ಇಳಿದು ಏಳುತ್ತಿರುತ್ತದೆ, ತಿರುವಿನಲ್ಲಿ ನಿಂತ ಜನ ಒಬ್ಬರ ಮೇಲೊಬ್ಬರು ವಾಲುತ್ತಿರುತ್ತಾರೆ. ಕಂಡಕ್ಟರ್ ಮಾತ್ರ ಸೀಟಿನ ಕಂಬಿಗೆ ಸೊಂಟ ಆನಿಸಿ, ಕಾಲು ಅಗಲಿಸಿ ನಿಂತು, ಒಂದು ಕೈಯಲ್ಲಿ ಟಿಕೆಟ್ಟು, ಇನ್ನೊಂದರಲ್ಲಿ ಚಿಲ್ಲರೆ ಹಿಡಿದು ಕೆಲಸ ಮುಗಿಸುತ್ತಾನೆ. ನಿಲ್ಲೋದಕ್ಕೆ ಕಾಲು ಮತ್ತು ಸೊಂಟ. ಕೈ ಎರಡೂ ಕೆಲಸಕ್ಕೆ.

ಈ ಉಪಾಯವನ್ನೇ ನಾಲ್ಕು ಚಕ್ರದ ಮೇಲೆ ಕೂರಿಸಿದರೆ ಒಂದು ಪುಟ್ಟ ಗಾಡಿಯಾಗುತ್ತದೆ. ಆ ಗಾಡಿ ಮೊದಲು ಓಡಬೇಕಾದ್ದು ಬೆಂಗಳೂರಿನ ಲಾಲ್‌ಬಾಗಿನಲ್ಲಲ್ಲ, ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲಿನಲ್ಲಿ.

ಯಾಕೆ ಅಂತೀರಾ? ಜಿಲ್ಲೆಯಲ್ಲೇ ಅತಿ ಹೆಚ್ಚು ಹುಲ್ಲು ಕತ್ತರಿಸಬೇಕಾದ 'ತೋಟ' ಇರೋದು ಅಲ್ಲಿ. ಹೂವಿನ ತೋಟವಲ್ಲ, ಗಾಜಿನ ತೋಟ. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು, ಈ ಐದು ಊರಿನ ಸುಮಾರು 13,000 ಎಕರೆ ನೆಲ ಸೋಲಾರ್ ಪಾರ್ಕಿಗೆ ಹೋಗಿದೆ. ಇದಕ್ಕಾಗಿಯೇ 2015ರಲ್ಲಿ ಒಂದು ಕಾರ್ಪೊರೇಷನ್ ಕಟ್ಟಿದರು. ರೈತರಿಂದ ನೆಲ ಕೊಳ್ಳಲಿಲ್ಲ, 28 ವರ್ಷಕ್ಕೆ ಗುತ್ತಿಗೆ ಹಿಡಿದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. 2018ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಬಂದು ಉದ್ಘಾಟಿಸಿದರು. 2019ರ ಕೊನೆಗೆ ಪೂರ್ತಿ 2,050 ಮೆಗಾವಾಟ್ ಆಯಿತು. ಲೋಕದಲ್ಲೇ ದೊಡ್ಡದು ಅಂತ ಡಂಗುರ ಹೊಡೆದರು. ಆಮೇಲೆ ರಾಜಸ್ಥಾನದ ಭಡ್ಲಾ ಅದನ್ನೂ ಮೀರಿಸಿತು, ಆ ಮಾತು ಬೇರೆ.

ನೆಲ ಇದ್ದವನಿಗೆ ಬಾಡಿಗೆ ಬಂತು. ನೆಲ ಇಲ್ಲದವನಿಗೆ? ಅವನು ಕಡಲೆಕಾಯಿ ಹೊಲದಲ್ಲಿ ಕಳೆ ಕೀಳುತ್ತಿದ್ದ, ಅವನ ಹೆಂಡತಿ ಗಿಡ ಕಿತ್ತು ಕಾಯಿ ಬಿಡಿಸುತ್ತಿದ್ದಳು. ಹೊಲ ಹೋದ ಮೇಲೆ ಅಂಥವರಿಗೆ ಪಾರ್ಕಿನೊಳಗೆ ಉಳಿದದ್ದು ಮೂರೇ ಕೆಲಸ: ಕಾವಲು, ಗಾಜು ತೊಳೆಯೋದು, ಹುಲ್ಲು ಕತ್ತರಿಸೋದು.

ಹುಲ್ಲು ಅಂದರೆ ತಾತ್ಸಾರ ಬೇಡ

ಬರದ ತಾಲ್ಲೂಕಾದರೂ ಎರಡು ಮಳೆ ಬಿದ್ದರೆ ಸಾಕು, ಗಾಜಿನ ಹಲಗೆಗಳ ನಡುವೆ ಹುಲ್ಲು ಮೊಣಕಾಲು ಮುಟ್ಟುತ್ತದೆ. ಹುಲ್ಲಿನ ನೆರಳು ಹಲಗೆಯ ಒಂದು ಮೂಲೆಗೆ ಬಿದ್ದರೂ ಕರೆಂಟು ಇಳಿಯುತ್ತದೆ. ಒಣಗಿದ ಮೇಲೆ ಬೆಂಕಿಯ ಭಯ. ಮಳೆ ಇಲ್ಲದಾಗ ಧೂಳು ಕೂತು ಗಾಜು ಮಬ್ಬಾಗುತ್ತದೆ, ಆಗ ತೊಳೆಯೋ ಸರದಿ.

ಹುಲ್ಲು ಕತ್ತರಿಸೋನು ಪೆಟ್ರೋಲ್ ಮಿಷನ್ನನ್ನು ಹೆಗಲಿಗೆ ತೂಗುಹಾಕಿಕೊಂಡು ಬಿಸಿಲಲ್ಲಿ ಸಾಲು ಸಾಲು ನಡೆಯಬೇಕು. ಅದರ ನಡುಕಕ್ಕೆ ಸಂಜೆ ಹೊತ್ತಿಗೆ ಬೆರಳು ಮರಗಟ್ಟುತ್ತದೆ. ಹುಲ್ಲಿನೊಳಗೆ ಹಾವಿದ್ದರೆ ಕಾಲಿಗೇ ಸಿಗುತ್ತದೆ. ಅಲಗಿಗೆ ತಾಗಿದ ಕಲ್ಲು ಹಾರಿದರೆ ಗಾಜು ಒಡೆಯುತ್ತದೆ, ಬೈಗುಳ ಕೂಲಿಯವನಿಗೆ. ಗಾಜು ತೊಳೆಯೋರ ಪಾಡೂ ಅಷ್ಟೆ. ಒಂದು ಕೈಯಲ್ಲಿ ನೀರಿನ ಪೈಪು ಎಳೆಯಬೇಕು, ಇನ್ನೊಂದರಲ್ಲಿ ಉದ್ದನೆ ಕೋಲಿನ ಬ್ರಷ್ಷು. ಪಾರ್ಕಿಗೆ ಕೋಟಿ ಕೋಟಿ ಸುರಿದವರು ಅದರ ಹುಲ್ಲಿಗೂ ಧೂಳಿಗೂ ಮನುಷ್ಯನ ಬೆನ್ನನ್ನೇ ನಂಬಿಕೊಂಡಿದ್ದಾರೆ.

ನಿಂತು ಓಡಿಸೋ ಗಾಡಿ ಲೋಕಕ್ಕೆ ಹೊಸದೇನಲ್ಲ. ಅಮೆರಿಕದಲ್ಲಿ ಹುಲ್ಲು ಕತ್ತರಿಸೋರು ಮಿಷನ್ನಿನ ಹಿಂದಿನ ಹಲಗೆ ಮೇಲೆ ನಿಂತೇ ಓಡಿಸುತ್ತಾರೆ. ಆದರೆ ಎರಡೂ ಕೈ ಲಿವರ್ ಮೇಲಿರಬೇಕು. 2001ರಲ್ಲಿ ಡೀನ್ ಕಾಮೆನ್ ಅನ್ನೋರು ಸೆಗ್ವೇ ಅಂತ ಎರಡು ಚಕ್ರದ ಗಾಡಿ ತಂದರು. ಮುಂದೆ ವಾಲಿದರೆ ಹೋಗುತ್ತದೆ, ಹಿಂದೆ ವಾಲಿದರೆ ನಿಲ್ಲುತ್ತದೆ. ಮಾಲಿನಲ್ಲಿ, ವಿಮಾನ ನಿಲ್ದಾಣದಲ್ಲಿ ಕಾವಲಿನವರು ಅದರ ಮೇಲೆ ಓಡಾಡಿದರು. ಅದಕ್ಕೂ ಹ್ಯಾಂಡಲ್ ಹಿಡಿಯಲೇಬೇಕಿತ್ತು. 2020ರಲ್ಲಿ ತಯಾರಿಕೆಯೇ ನಿಂತಿತು.

ವಾಲಿದರೆ ಓಡೋ ಗಾಡಿ ಕ್ಯಾತಗಾನಚೆರ್ಲಿಗೆ ಆಗಿಬರೋದಿಲ್ಲ. ಗಾಜು ಒರೆಸೋಕೆ ಕೈ ಚಾಚಿದರೆ ಮೈ ವಾಲುತ್ತದೆ. ಮೈ ವಾಲಿದ ಕೂಡಲೇ ಗಾಡಿ ಹೊರಟುಬಿಟ್ಟರೆ? ಮೊದಲ ದಿನವೇ ಆಸ್ಪತ್ರೆ ಸೇರಬೇಕಾಗುತ್ತದೆ. ಇದಕ್ಕೆ ಉತ್ತರ ಪೇಟೆ ಬೀದಿಯ ದರ್ಜಿ ಅಂಗಡಿಯಲ್ಲಿದೆ. ಬಟ್ಟೆ ಹಿಡಿಯೋಕೆ ಎರಡು ಕೈ, ಮಿಷನ್ ಓಡಿಸೋಕೆ ಕಾಲಿನ ಪೆಡಲ್. ಒತ್ತಿದರೆ ಓಡಬೇಕು, ಬಿಟ್ಟರೆ ನಿಲ್ಲಬೇಕು. ನಿಲ್ಲೋದನ್ನು ಕಂಡಕ್ಟರಿಂದ ಕಲಿಯಬೇಕು, ಓಡಿಸೋದನ್ನು ದರ್ಜಿಯಿಂದ.

ಗಾಡಿ ಹೇಗಿರಬೇಕು?

ಗಾಜಿನ ಸಾಲುಗಳು ನೆಟ್ಟಗಿವೆ. ಸಾಲಿನೊಳಗೆ ನೇರ ಹೋಗೋದೇ ಹೆಚ್ಚು, ತಿರುಗಿಸೋದು ಸಾಲಿನ ಕೊನೆಗೆ ಮಾತ್ರ. ಅಲ್ಲಿ ಕೈಗೆ ಕೆಲಸವಿರೋದಿಲ್ಲ, ಆಗ ಹ್ಯಾಂಡಲ್ ಹಿಡಿದು ತಿರುಗಿಸಿಕೊಳ್ಳಲಿ. ಸಾಲಿನೊಳಗೆ ಕಲ್ಲಿಗೆ ತಾಗಿ ಗಾಡಿ ಅತ್ತಿತ್ತ ಎಳೆದರೆ ಸೊಂಟದ ಎರಡು ಪಕ್ಕ ಇರೋ ಪಟ್ಟಿಯನ್ನು ಸ್ವಲ್ಪ ಒತ್ತಿದರೆ ಸಾಕು. ಒಂದು ಪಕ್ಕದ ಚಕ್ರ ನಿಧಾನವಾದರೆ ಗಾಡಿ ಆ ಕಡೆಗೆ ಹೊರಳುತ್ತದೆ. ಇಷ್ಟಕ್ಕೆ ಸಾಟಲೈಟೂ ಬೇಡ, ಕಂಪ್ಯೂಟರ್ ಬುದ್ಧಿಯೂ ಬೇಡ.

ಎರಡು ಚಕ್ರ ಬೇಡವೇ ಬೇಡ. ಎರಡು ಚಕ್ರದ ಗಾಡಿಯನ್ನು ನೆಟ್ಟಗೆ ನಿಲ್ಲಿಸೋದು ಬ್ಯಾಟರಿ. ಬ್ಯಾಟರಿ ಸತ್ತರೆ ಗಾಡಿಯೂ ಬಿತ್ತು, ಮೇಲಿರೋ ಮನುಷ್ಯನೂ ಬಿದ್ದ. ಕಲ್ಲು ಮಿಶ್ರಿತ ಕೆಂಪು ನೆಲಕ್ಕೆ ನಾಲ್ಕು ಚಕ್ರ, ಅಗಲದ ಟೈರೇ ಸರಿ. ಬ್ಯಾಟರಿಯನ್ನು ಹಲಗೆಯ ಕೆಳಗೆ ಇಟ್ಟರೆ ಭಾರ ತಳದಲ್ಲಿರುತ್ತದೆ, ಇಳಿಜಾರಿನಲ್ಲಿ ಮಗುಚೋದಿಲ್ಲ. ನಿಲ್ಲೋ ಹಲಗೆ ಒಂದು ಗೇಣಿಗಿಂತ ಎತ್ತರ ಇರಬಾರದು, ಐವತ್ತು ದಾಟಿದ ಹೆಂಗಸೂ ದಿನಕ್ಕೆ ನೂರು ಸಲ ಹತ್ತಿ ಇಳಿಯುವಂತಿರಬೇಕು. ವೇಗ ನಡಿಗೆಯಷ್ಟೇ ಸಾಕು. ಹುಲ್ಲು ಕತ್ತರಿಸೋ ಅಲಗು ಗಿರಗಿರ ತಿರುಗೋದಲ್ಲ, ಕತ್ತರಿಯಂತೆ ಆಡೋದು ಇರಲಿ. ಕಲ್ಲು ಹಾರೋದು ಕಡಿಮೆಯಾಗುತ್ತದೆ. ಹಲಗೆಯಿಂದ ಕಾಲು ತೆಗೆದ ಕ್ಷಣ ಚಕ್ರವೂ ಅಲಗೂ ನಿಲ್ಲಬೇಕು, ಇದರಲ್ಲಿ ರಾಜಿ ಇಲ್ಲ.

ಇಂಜಿನಿಯರುಗಳು ಮರೆಯೋ ಮಾತು ಇನ್ನೊಂದಿದೆ: ಸೀರೆ. ಬೈಕಿನ ಹಿಂದಿನ ಚಕ್ರಕ್ಕೆ ಬಟ್ಟೆ ಸಿಕ್ಕದಂತೆ ಗಾರ್ಡ್ ಇರಬೇಕು ಅಂತ ಕಾನೂನೇ ಇದೆ. ಈ ಗಾಡಿ ಏರೋರಲ್ಲಿ ಹೆಂಗಸರು ಬಹಳ. ಆದ್ದರಿಂದ ಚಕ್ರ ಪೂರ್ತಿ ಮುಚ್ಚಿರಬೇಕು. ಗುಂಡಿಗಳ ಮೇಲೆ ಇಂಗ್ಲಿಷ್ ಬೇಡ. ಕನ್ನಡ, ತೆಲುಗು ಎರಡೂ ಕಲೆತಿರೋ ಆ ಕಡೆಯ ಊರುಗಳಿಗೆ ಚಿತ್ರವಿದ್ದರೆ ಸಾಕು.

ಇನ್ನು ಬ್ಯಾಟರಿಗೆ ಕರೆಂಟು ಎಲ್ಲಿಂದ ಅಂತ ಕ್ಯಾತಗಾನಚೆರ್ಲಿನಲ್ಲಿ ಕೇಳಬಾರದು. ಪಾರ್ಕಿನ ಬೇಲಿಯೊಳಗೇ ಓಡೋ ಗಾಡಿಯಾದ್ದರಿಂದ ಆರ್‌ಟಿಓ ಬಾಗಿಲು ಕಾಯೋದೂ ತಪ್ಪುತ್ತದೆ. ಆವರಣದೊಳಗೆ ಮಾತ್ರ ಓಡಿಸೋಕೆ ಮಾಡಿದ ವಿಶೇಷ ಗಾಡಿಯನ್ನು 1988ರ ಮೋಟಾರು ವಾಹನ ಕಾಯ್ದೆಯೇ ಹೊರಗಿಟ್ಟಿದೆ.

ಕುರಿ ಬಿಟ್ಟರೆ ಸಾಲದೇ?

ಟೀ ಅಂಗಡಿಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಹೊರದೇಶಗಳಲ್ಲಿ ಸೋಲಾರ್ ಹಲಗೆಗಳ ಅಡಿ ಕುರಿ ಮೇಯಿಸೋದು ರೂಢಿಯಲ್ಲಿದೆ. ಬೇಲಿ ಬಿದ್ದು ಹುಲ್ಲುಗಾವಲು ಕಳೆದುಕೊಂಡ ಪಾವಗಡದ ಕುರಿಯವರಿಗೂ ಬಾಗಿಲು ತೆರೆಯಲಿ, ಯಾರು ಬೇಡ ಅಂದರು? ಮೇಕೆ ಮಾತ್ರ ಬೇಡ, ಅದು ಹಲಗೆ ಹತ್ತುತ್ತದೆ, ವೈರು ಕಡಿಯುತ್ತದೆ. ಆದರೆ ಕುರಿ ಗಾಜು ಒರೆಸೋದಿಲ್ಲ, ನೀರಿನ ಡ್ರಮ್ಮು ಹೊರೋದಿಲ್ಲ, ಅದು ಮುಟ್ಟದ ಕಳೆಯನ್ನು ಕೀಳೋದಿಲ್ಲ. ಕುರಿಯೂ ಇರಲಿ, ಗಾಡಿಯೂ ಇರಲಿ.

ನಿಜವಾದ ಭಯ ಕುರಿಯದಲ್ಲ, ರೋಬೋದ್ದು. ರಾಜಸ್ಥಾನ, ಗುಜರಾತ್ ಕಡೆ ನೀರೇ ಇಲ್ಲದೆ ಗಾಜು ಒರೆಸೋ ರೋಬೋಗಳು ಬಂದಿವೆ. ರಾತ್ರಿ ತಾವೇ ಹೊರಟು ಸಾಲು ಒರೆಸಿ ತಾವೇ ಬಂದು ನಿಲ್ಲುತ್ತವೆ. ಒಪ್ಪಬೇಕಾದ ಮಾತೆಂದರೆ, ಕುಡಿಯೋ ನೀರಿಗೇ ತತ್ವಾರ ಇರೋ ತಾಲ್ಲೂಕಿನಲ್ಲಿ ನೀರು ಉಳಿಸೋದು ಪುಣ್ಯದ ಕೆಲಸ. ಆದರೆ ರೋಬೋ ಸಂಜೆ ಅಂಗಡಿಗೆ ಬಂದು ಅರ್ಧ ಕೇಜಿ ಸಕ್ಕರೆ ಕೇಳೋದಿಲ್ಲ. ಶನಿವಾರ ಬಟವಾಡೆ ಹಿಡಿದು ಪಾವಗಡದ ಬಸ್ಸು ಹತ್ತೋದಿಲ್ಲ. ಮಗಳಿಗೆ ಬಳೆ ಕೊಳ್ಳೋದಿಲ್ಲ. ಕೂಲಿ ನಿಂತರೆ ಮೊದಲು ಬೆಂಚು ಖಾಲಿಯಾಗೋದು ಹೋಟೆಲಿನದು, ಆಮೇಲೆ ಬಸ್ಸಿನ ಸೀಟು.

ಒಣ ಬ್ರಷ್ಷಿನಿಂದ ಒರೆಸೋ ವಿದ್ಯೆ ರೋಬೋ ಸೊತ್ತೇನಲ್ಲ. ಅದೇ ಬ್ರಷ್ಷನ್ನು ನಿಂತು ಓಡಿಸೋ ಗಾಡಿಗೆ ಕಟ್ಟಿದರೆ ನೀರೂ ಉಳಿಯುತ್ತದೆ, ಕೂಲಿಯೂ ಉಳಿಯುತ್ತದೆ. ಮನುಷ್ಯನನ್ನು ಮನೆಗೆ ಕಳಿಸೋ ಮಿಷನ್ ಬೇರೆ, ಮನುಷ್ಯನನ್ನು ಮೇಲೆ ನಿಲ್ಲಿಸಿಕೊಳ್ಳೋ ಮಿಷನ್ ಬೇರೆ. ಎರಡನೆಯದನ್ನು ಈಗಲೇ ಮಾಡದಿದ್ದರೆ ಮೊದಲನೆಯದು ತಾನಾಗಿಯೇ ಬರುತ್ತದೆ.

ಗಾಡಿ ಬಂದರೂ ಹತ್ತಾಳಿನ ಕೆಲಸ ನಾಲ್ಕಾಳಿಗೆ ಇಳಿಯೋದಿಲ್ಲವೇ? ಇಳಿಯಬಹುದು. ಗಾಡಿಯನ್ನು ಕಂಟ್ರಾಕ್ಟರ್ ಕೈಗೆ ಕೊಟ್ಟರೆ ಖಂಡಿತ ಇಳಿಯುತ್ತದೆ. ಅದಕ್ಕೇ ಗಾಡಿಯ ಯಜಮಾನಿಕೆ ಊರಿನ ಸ್ತ್ರೀಶಕ್ತಿ ಸಂಘಗಳದ್ದಾಗಿರಬೇಕು. ಹಳ್ಳಿಯಲ್ಲಿ ಟ್ರ್ಯಾಕ್ಟರ್ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಹೋಗೋದಿಲ್ಲವೇ? ಹಾಗೇ ಗಾಡಿಗೆ ಬಾಡಿಗೆ ಬೇರೆ, ಓಡಿಸಿದವಳಿಗೆ ಕೂಲಿ ಬೇರೆ. ಆಳು ಕಡಿಮೆ ಮಾಡೋದಿಲ್ಲ ಅಂತ ಕಂಟ್ರಾಕ್ಟರ್ ಕರಾರಿನಲ್ಲಿ ಬರೆದುಕೊಡಲಿ. ಮಿಕ್ಕ ಆಳುಗಳನ್ನು ಕಾಲುವೆ, ಬೇಲಿ, ಗಿಡ ನೆಡೋ ಕೆಲಸಕ್ಕೆ ಹಾಕಲಿ. 13,000 ಎಕರೆಯಲ್ಲಿ ಕೆಲಸಕ್ಕೇನು ಬರವೇ?

ದುಡ್ಡಿಗೂ ದಾರಿ ಇದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. ಬಣ್ಣ ಬಳಿದ ಬಸ್ ಷೆಲ್ಟರಿನ ಮೇಲೆ ಹೆಸರು ಬರೆಸೋ ಬದಲು ಆ ದುಡ್ಡಿನಲ್ಲಿ ಹತ್ತು ಗಾಡಿ ಮಾಡಿಸಿ ನೋಡಲಿ.

ಮಾಡೋರು ಯಾರು? ತುಮಕೂರಿನಲ್ಲಿ 1963ರಿಂದ ಸಿದ್ಧಗಂಗಾ ಇಂಜಿನಿಯರಿಂಗ್ ಕಾಲೇಜು ನಡೆಯುತ್ತಿದೆ. ಜಿಲ್ಲೆಯ ಉದ್ದಗಲಕ್ಕೂ ಐಟಿಐ ಹುಡುಗರಿದ್ದಾರೆ. ಮಧುಗಿರಿ, ಸಿರಾದ ವೆಲ್ಡಿಂಗ್ ಷಾಪುಗಳಲ್ಲಿ ಟ್ರೈಲರ್, ಕುಂಟೆ, ಕೂರಿಗೆ ಎಲ್ಲವನ್ನೂ ಕಣ್ಣಳತೆಯಲ್ಲೇ ಮಾಡಿಕೊಡೋ ಕೈಗಳಿವೆ. ಒಂದು ಕಾಲಕ್ಕೆ ಕೈಗಡಿಯಾರ ಮಾಡಿದ ಜಿಲ್ಲೆ ಇದು. ಗುಬ್ಬಿ ಹತ್ತಿರ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯೇ ಉದ್ಘಾಟನೆಯಾಯಿತು. ಹೆಲಿಕಾಪ್ಟರ್ ಮಾಡೋ ಜಿಲ್ಲೆಗೆ ನಾಲ್ಕು ಚಕ್ರದ ಮೇಲೊಂದು ಹಲಗೆ ಕೂರಿಸೋದು ಕಷ್ಟವೇ?

ಒಂದೇ ಷರತ್ತು. ಡ್ರಾಯಿಂಗ್ ಹಾಳೆ ಬಿಡಿಸೋ ಮುಂಚೆ ಇಂಜಿನಿಯರ್ ಸಾಹೇಬರು ಬಸ್ಸು ಹತ್ತಿ ಕ್ಯಾತಗಾನಚೆರ್ಲಿಗೆ ಹೋಗಬೇಕು. ಬೇಸಿಗೆಯ ಒಂದು ದಿನ, ಬೆಳಿಗ್ಗೆಯಿಂದ ಸಂಜೆವರೆಗೆ ಆ ಮಿಷನ್ನನ್ನು ಹೆಗಲಿಗೆ ಹಾಕಿಕೊಂಡು ಹುಲ್ಲು ಕತ್ತರಿಸಬೇಕು. ಪಕ್ಕದ ಸಾಲಿನಲ್ಲಿ ಬ್ರಷ್ಷು ಹಿಡಿದಿರೋ ಹೆಂಗಸನ್ನು, "ಎಲ್ಲಿ ನೋಯುತ್ತೆ ಅಮ್ಮಾ?" ಅಂತ ಕೇಳಬೇಕು. ಆಕೆ ಎಲ್ಲಿ ಕೈಯಿಟ್ಟು ತೋರಿಸುತ್ತಾಳೋ ಗಾಡಿಯ ಅಳತೆ ಅಲ್ಲಿಂದ ಶುರುವಾಗಬೇಕು.