ಬುಗ್ಗೆ ಉದ್ಯಾನದಲ್ಲಿ ಹುಟ್ಟುವುದಿಲ್ಲ

ಚೀನಾದ ಪೂರ್ವಭಾಗದಲ್ಲಿರುವ ಶಾಂಡೊಂಗ್ ಪ್ರಾಂತ್ಯದ ರಾಜಧಾನಿ ಜಿನಾನ್. ಆ ನಗರದ ನಡುವೆ ಒಂದು ಉದ್ಯಾನ, ಉದ್ಯಾನದೊಳಗೆ ಕಲ್ಲಿನ ಕಟಾಂಜನ ಹಾಕಿದ ಒಂದು ಕೊಳ, ಆ ಕೊಳದ ತಳದಿಂದ ಮೂರು ಬಾಯಿಗಳಲ್ಲಿ ಉಕ್ಕಿ ಬರುವ ತಿಳಿನೀರು. ಇದೇ ಬಾವೋಟು ಬುಗ್ಗೆ. ಹದಿನೆಂಟನೆಯ ಶತಮಾನದಲ್ಲಿ ಚಿಯನ್‌ಲಾಂಗ್ ಚಕ್ರವರ್ತಿಯು ಇದಕ್ಕೆ ಜಗತ್ತಿನ ಮೊದಲ ಬುಗ್ಗೆಯೆಂಬ ಬಿರುದನ್ನಿತ್ತನೆಂದು ಪ್ರತೀತಿಯಿದೆ. ವರ್ಷವಿಡೀ ನೀರಿನ ಉಷ್ಣತೆ ಸುಮಾರು 18 ಡಿಗ್ರಿ ಸೆಲ್ಸಿಯಸ್. ಆದ್ದರಿಂದಲೇ ಚಳಿಗಾಲದ ಮುಂಜಾನೆಗಳಲ್ಲಿ ಕೊಳದ ಮೇಲೆ ಹಬೆ ಆಡುತ್ತದೆ. ಪ್ರವಾಸಿ ಟಿಕೇಟು ಕೊಂಡು ಒಳಬರುತ್ತಾನೆ, ಕಟಾಂಜನಕ್ಕೆ ಒರಗಿ ಚಿತ್ರ ತೆಗೆಸಿಕೊಳ್ಳುತ್ತಾನೆ, ಚಹಾ ಕುಡಿಯುತ್ತಾನೆ, ಬುಗ್ಗೆಯನ್ನು ಕಂಡೆನೆಂಬ ತೃಪ್ತಿಯಿಂದ ಹೊರಡುತ್ತಾನೆ.

ಆತ ಕಂಡದ್ದು ಬುಗ್ಗೆಯ ಬಾಯಿ ಮಾತ್ರ. ಅದರ ಒಡಲು ಬೆಟ್ಟದಲ್ಲಿದೆ.

ಜಿನಾನ್‌ನ ದಕ್ಷಿಣಕ್ಕೆ, ತೈಶಾನ್ ಪರ್ವತದ ದಿಕ್ಕಿನಲ್ಲಿ, ಸುಣ್ಣಕಲ್ಲಿನ ಗುಡ್ಡಗಳು ಸಾಲುಗಟ್ಟಿವೆ. ಅಲ್ಲಿ ಬಿದ್ದ ಮಳೆ ಕಲ್ಲಿನ ಬಿರುಕುಗಳಲ್ಲಿ ಇಂಗಿ, ಉತ್ತರಕ್ಕೆ ವಾಲಿರುವ ಶಿಲಾಪದರಗಳನ್ನು ಅನುಸರಿಸಿ ನೆಲದೊಳಗೇ ನಗರದ ಕಡೆಗೆ ಸಾಗುತ್ತದೆ. ನಗರದ ಅಡಿಯಲ್ಲಿ ನೀರನ್ನು ಬಿಟ್ಟುಕೊಡದ ಅಗ್ನಿಶಿಲೆಯ ಅಡ್ಡಗೋಡೆಯಿದೆ. ಮುಂದೆ ಹೋಗಲು ದಾರಿ ಕಾಣದ ನೀರು ಒತ್ತಡಕ್ಕೊಳಗಾಗಿ ಮೇಲೇಳುತ್ತದೆ. ಜಿನಾನ್‌ನ ಪ್ರಸಿದ್ಧ 72 ಬುಗ್ಗೆಗಳ ರಹಸ್ಯ ಇದೇ. ಊರಿನ ದಾಮಿಂಗ್ ಸರೋವರವನ್ನು ತುಂಬುವುದೂ ಈ ಬುಗ್ಗೆಗಳ ನೀರೇ. ಗುಡ್ಡದಲ್ಲಿ ನೀರು ಇಂಗಿದರೆ ಮಾತ್ರ ಪೇಟೆಯಲ್ಲಿ ನೀರು ಉಕ್ಕೀತು.

ಈ ಸರಳ ಸತ್ಯವನ್ನು ನಗರ ಮರೆಯಿತು. ಬೆಳೆಯುತ್ತಿದ್ದ ಕಾರ್ಖಾನೆಗಳೂ ನಗರದ ನೀರು ಸರಬರಾಜೂ ಅದೇ ಶಿಲಾಪದರಕ್ಕೆ ಆಳವಾದ ಬಾವಿಗಳನ್ನು ಇಳಿಸಿದವು. 1970ರ ದಶಕದಿಂದ ಬೇಸಗೆಯಲ್ಲಿ ಬುಗ್ಗೆ ನಿಲ್ಲತೊಡಗಿತು. ಅದೇ ಹೊತ್ತಿಗೆ ನಗರವು ದಕ್ಷಿಣದ ಗುಡ್ಡಗಳ ಕಡೆಗೂ ಹಬ್ಬಿ, ಮಳೆನೀರು ಇಂಗಬೇಕಾದ ನೆಲದ ಮೇಲೆ ಕಾಂಕ್ರೀಟು ಹರಡಿತು. ಕೊನೆಗೆ 1999ರಲ್ಲಿ ನಿಂತ ಬಾವೋಟು ಸುಮಾರು ಎರಡೂವರೆ ವರ್ಷ ಮತ್ತೆ ಏಳಲಿಲ್ಲ. ಕಟಾಂಜನವಿತ್ತು, ಮಂಟಪಗಳಿದ್ದವು, ಸಾಂಗ್ ರಾಜರ ಕಾಲದ ಕವಯಿತ್ರಿ ಲಿ ಚಿಂಗ್‌ಝಾವೊಳ ಸ್ಮಾರಕವೂ ಪಕ್ಕದಲ್ಲೇ ಇತ್ತು. ನೀರೊಂದು ಇರಲಿಲ್ಲ!

ಮಳೆ ಕಡಿಮೆಯಾದರೆ ಬುಗ್ಗೆ ಬತ್ತುವುದು ಸಹಜವಲ್ಲವೇ ಎಂದು ಕೇಳುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಮಳೆಯ ಪಾತ್ರವನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಬರಗಾಲ ಜಿನಾನ್‌ಗೆ ಹೊಸದಾಗಿರಲಿಲ್ಲ; ಹೊಸದಾಗಿ ಬಂದದ್ದು ಪಂಪು ಮತ್ತು ಕಾಂಕ್ರೀಟು. ಇವೆರಡರ ಹೊಣೆಯನ್ನು ಮುಗಿಲಿನ ಮೇಲೆ ಹೊರಿಸುವುದು ಅಪ್ರಾಮಾಣಿಕತೆ.

ಆಡಳಿತಕ್ಕೆ ತಡವಾಗಿ ಎಚ್ಚರವಾಯಿತು. ನಗರದ ಬಾವಿಗಳನ್ನು ಒಂದೊಂದಾಗಿ ಮುಚ್ಚಲಾಯಿತು. ಕುಡಿಯುವ ನೀರಿಗೆ ಹಳದಿ ನದಿಯಿಂದ ತುಂಬಿಸಿದ ಜಲಾಶಯಗಳನ್ನು ಆಶ್ರಯಿಸಲಾಯಿತು. ನೀರು ಬೇಗನೆ ಇಂಗುವ ಯೂಫು ನದಿಯ ಪಾತ್ರಕ್ಕೆ ನೀರು ಹರಿಸಿ ನೆಲಕ್ಕೆ ಮರಳಿ ಕುಡಿಸಲಾಯಿತು. ಮಳೆಯೂ ಕೈಹಿಡಿದು, 2003ರ ಸೆಪ್ಟೆಂಬರ್‌ನಲ್ಲಿ ಬುಗ್ಗೆ ಮತ್ತೆ ಉಕ್ಕಿತು. 2005ರಲ್ಲಿ ಬುಗ್ಗೆಗಳ ರಕ್ಷಣೆಗೆಂದೇ ನಗರದ ನಿಯಮಾವಳಿ ಬಂತು. ಬುಗ್ಗೆಯ ನೀರಿನ ಮಟ್ಟವನ್ನು ಅಲ್ಲಿ ಪ್ರತಿದಿನ ಅಳೆದು ಸಾರ್ವಜನಿಕರಿಗೆ ತಿಳಿಸುತ್ತಾರೆ. ಇದು ಮೆಚ್ಚತಕ್ಕ ಕೆಲಸ.

ಆದರೆ ಮೆಚ್ಚುಗೆಯ ಜೊತೆಗೆ ಲೆಕ್ಕವನ್ನೂ ಕೇಳಬೇಕು. ಬಾವೋಟುವಿನ ದಾಹ ತಣಿಸಲು ಮುಂದಾದ ಹಳದಿ ನದಿ ಸ್ವತಃ ಎಂಥ ಸ್ಥಿತಿಯಲ್ಲಿತ್ತು? 1997ರಲ್ಲಿ ಆ ಮಹಾನದಿಯ ಕೆಳಪಾತ್ರ 226 ದಿನ ಬತ್ತಿಹೋಗಿತ್ತು. ನೀರು ಸಮುದ್ರವನ್ನು ಮುಟ್ಟಲಿಲ್ಲ. ನದಿಯ ಹಂಚಿಕೆಗೆ 1999ರಲ್ಲಿ ಬಿಗಿ ನಿಯಂತ್ರಣ ಬಂದ ಮೇಲೆಯೇ ಆ ದುರ್ಗತಿ ತಪ್ಪಿದ್ದು. ಒಂದು ಊರಿನ ಬುಗ್ಗೆಯನ್ನು ಉಳಿಸಲು ಇನ್ನೊಂದು ಹೊಳೆಯ ನೀರನ್ನು ಎತ್ತುವುದು ಸಾಲ ತೀರಿಸಲು ಮಾಡಿದ ಮತ್ತೊಂದು ಸಾಲ. ಇಂಗುನೆಲವನ್ನು ಮೊದಲೇ ಕಾಪಾಡಿದ್ದರೆ ಈ ಸಾಲದ ಹೊರೆ ಎಷ್ಟೋ ಹಗುರವಾಗುತ್ತಿತ್ತು. ಇನ್ನೊಂದು ಪ್ರಶ್ನೆ ಗುಡ್ಡಗಾಡಿನ ಹಳ್ಳಿಗರದು. ಇಂಗುನೆಲವನ್ನು ತೆರೆದಿಡಬೇಕೆಂಬ ನಿರ್ಬಂಧವನ್ನು ಹೊರುವವರು ಅವರು. ಉದ್ಯಾನದ ಬಾಗಿಲಲ್ಲಿ ಟಿಕೇಟಿನ ಹಣ ಎಣಿಸುವುದು ನಗರ. ನೀರನ್ನು ಕಾಯುವವನಿಗೆ ಪಾಲಿಲ್ಲದ ವ್ಯವಸ್ಥೆ ಯಾವ ದೇಶದಲ್ಲಿದ್ದರೂ ನ್ಯಾಯವೆನಿಸದು.

ಅದೇ ಜಿನಾನ್‌ನಲ್ಲಿ ಹೇಹು ಎಂಬ ಇನ್ನೊಂದು ಬುಗ್ಗೆಯಿದೆ. ಕಪ್ಪು ಹುಲಿಯೆಂದು ಆ ಹೆಸರಿನ ಅರ್ಥ. ಹಳೆಯ ಕೋಟೆಯ ಕಂದಕದ ದಂಡೆಯಲ್ಲಿ ಅದಕ್ಕೆ ಟಿಕೇಟಿಲ್ಲ. ಊರಿನ ಜನ ಕ್ಯಾನುಗಳನ್ನು ಹೊತ್ತು ಬಂದು ಅಲ್ಲಿಂದ ಮನೆಗೆ ನೀರು ಒಯ್ಯುತ್ತಾರೆ. ಪ್ರವಾಸಿಗೆ ಬುಗ್ಗೆ ಒಂದು ನೋಟ. ಇವರಿಗೆ ಅದು ಅಡುಗೆಮನೆಯ ಸಂಗತಿ. ಬುಗ್ಗೆ ನಿಂತ ದಿನ ಪ್ರವಾಸಿ ಬೇರೊಂದು ಊರಿನ ಬಸ್ಸು ಹತ್ತಬಲ್ಲ. ಕ್ಯಾನು ಹಿಡಿದವರು ಎಲ್ಲಿಗೆ ಹೋಗಬೇಕು?

ಪಶ್ಚಿಮಘಟ್ಟದ ಓದುಗರಿಗೆ ಈ ಪ್ರಶ್ನೆ ಪರದೇಶದ್ದೆನಿಸಲಾರದು. ಅಡಿಕೆ ದಬ್ಬೆಯಲ್ಲಿ ಅಬ್ಬಿ ನೀರನ್ನು ಅಂಗಳಕ್ಕೆ ಇಳಿಸಿಕೊಂಡ ಮನೆಗಳು ಮಲೆನಾಡಿನಲ್ಲಿ ಇಂದಿಗೂ ಇವೆ. ಅಲ್ಲಿಯದು ಸುಣ್ಣಕಲ್ಲು; ಇಲ್ಲಿಯದು ಜಂಬಿಟ್ಟಿಗೆ, ಕಾಡಿನ ಮಣ್ಣು, ಮರದಡಿಯ ದರಕು. ಶಿಲೆ ಬೇರೆಯಾದರೂ ಮೇಲೆ ಇಂಗಿದ್ದು ಕೆಳಗೆ ಒಸರುತ್ತದೆಂಬ ನಿಯಮ ಒಂದೇ. ಒರತೆಯ ಬಾಯಿಗೆ ಸಿಮೆಂಟಿನ ಕಟ್ಟೆ ಕಟ್ಟಿ, ಫಲಕ ನೆಟ್ಟು, ನೆತ್ತಿಯ ಗುಡ್ಡವನ್ನು ಜೆಸಿಬಿಗೆ ಒಪ್ಪಿಸಿ ರೆಸಾರ್ಟಿಗೆ ಸಮತಟ್ಟು ಮಾಡುವ ಕೆಲಸವನ್ನು ಅಭಿವೃದ್ಧಿಯೆಂದು ಕರೆಯುವವರು ಜಿನಾನ್‌ನ ಒಣಗಿದ ಕೊಳವನ್ನು ನೆನೆಯಲಿ. ಆ ನಗರಕ್ಕೆ ತಪ್ಪು ತಿದ್ದಿಕೊಳ್ಳಲು ಪಕ್ಕದಲ್ಲೊಂದು ಮಹಾನದಿಯಾದರೂ ಇತ್ತು. ಹೊಳೆಗಳೇ ಹುಟ್ಟುವ ಬೆಟ್ಟದ ತಲೆಯ ಮೇಲೆ ಕುಳಿತವರು ಯಾರಿಂದ ನೀರನ್ನು ಕಡ ತಂದಾರು?

ಪ್ರತಿ ಹಳ್ಳಿಯೂ ತನ್ನ ಒರತೆಗಳನ್ನು ಎಣಿಸಲಿ. ಪ್ರತಿಯೊಂದರ ನೆತ್ತಿಯ ಇಂಗುನೆಲ ಯಾವುದೆಂದು ಹಿರಿಯರನ್ನು ಕೇಳಿ ಗುರುತಿಸಲಿ. ಆ ಗುರುತನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಲಿ. ಶಾಲೆಯ ಮಕ್ಕಳು ಬೇಸಗೆಯಲ್ಲಿ ಒಂದು ಕೊಡ ತುಂಬಲು ಎಷ್ಟು ಹೊತ್ತು ಹಿಡಿಯಿತೆಂದು ತಿಂಗಳಿಗೊಮ್ಮೆ ಅಳೆದು ಬರೆದಿಡಲಿ. ಜಿನಾನ್ ನೀರು ನಿಂತ ಮೇಲೆ ಕಲಿತ ಪಾಠವನ್ನು ನೀರು ಹರಿಯುತ್ತಿರುವಾಗಲೇ ಕಲಿಯುವ ಅವಕಾಶ ಮಲೆನಾಡಿಗೆ ಇನ್ನೂ ಉಳಿದಿದೆ.