ರಕ್ತ ತೆಗೆದರು, ಲೆಕ್ಕ ಬರೆದರು, ಮುಂದೇನು?

ಬೆಳಗಿನ ಎಂಟೂವರೆ ಬಸ್ಸು. ಒಳಗೆ ಐವತ್ತು ಜನ ದೊಡ್ಡವರು ಎಂದಿಟ್ಟುಕೊಳ್ಳಿ. ರಾಜ್ಯದ ಸರಾಸರಿ ಹಿಡಿದರೆ ಅವರಲ್ಲಿ ಹನ್ನೆರಡು-ಹದಿಮೂರು ಜನಕ್ಕೆ ಬಿ.ಪಿ., ಏಳು ಜನಕ್ಕೆ ಸಕ್ಕರೆ. ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧಕ್ಕರ್ಧ ಜನಕ್ಕೆ ಮೈಯಲ್ಲಿ ರಕ್ತ ಸಾಲದು. ಇದು ನಾವು ಕಟ್ಟಿದ ಕತೆಯಲ್ಲ ಸ್ವಾಮಿ, ಸರ್ಕಾರದ್ದೇ ಲೆಕ್ಕ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಕರ್ನಾಟಕದಲ್ಲಿ 26 ಸಾವಿರಕ್ಕೂ ಹೆಚ್ಚು ಮನೆಗಳ ಬಾಗಿಲು ತಟ್ಟಿದರು. ಬೆರಳು ಚುಚ್ಚಿ ರಕ್ತ ತೆಗೆದರು, ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು, ಮಕ್ಕಳನ್ನು ತೂಗಿದರು. ಸಿಕ್ಕಿದ ಲೆಕ್ಕ ಇದು: 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಜನಕ್ಕೆ ರಕ್ತಹೀನತೆ. ಆರು ತಿಂಗಳು ದಾಟಿ ಐದು ವರ್ಷ ತುಂಬದ ಮಕ್ಕಳಲ್ಲಿ ಶೇ. 65.5. ಹಿಂದಿನ, ಅಂದರೆ 2015-16ರ ಸಮೀಕ್ಷೆಯಲ್ಲಿ ಇದೇ ಲೆಕ್ಕ 44.8 ಮತ್ತು 60.9 ಇತ್ತು. ನಡುವೆ 2018ರಲ್ಲಿ ಕೇಂದ್ರ ಸರ್ಕಾರ ‘ರಕ್ತಹೀನತೆ ಮುಕ್ತ ಭಾರತ’ ಎಂಬ ಕಾರ್ಯಕ್ರಮವನ್ನೇ ಹೂಡಿತ್ತು. ಹೆಸರೇನೋ ಮುಕ್ತ, ಲೆಕ್ಕ ಮಾತ್ರ ಮೇಲಕ್ಕೆ!

ಹಾಗಂತ ಎಲ್ಲವೂ ಕೆಟ್ಟಿದೆ ಎಂದರೆ ಅದೂ ಅನ್ಯಾಯವಾದೀತು. 2001-03ರಲ್ಲಿ ನಮ್ಮ ರಾಜ್ಯದಲ್ಲಿ ಜೀವಂತವಾಗಿ ಹುಟ್ಟಿದ ಪ್ರತಿ ಲಕ್ಷ ಮಕ್ಕಳಿಗೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಇದು ಸಣ್ಣ ಮಾತಲ್ಲ. ಹೇಗಾಯಿತು? ಗರ್ಭಿಣಿಯ ಹೆಸರು ಪುಸ್ತಕಕ್ಕೆ ಏರಿತು. ಕೈಗೆ ತಾಯಿ ಕಾರ್ಡು ಬಂತು. ಆಶಾ ಕಾರ್ಯಕರ್ತೆ ಮನೆಗೆ ಹೋಗಿ, ‘ಯಾಕಮ್ಮ, ಈ ತಿಂಗಳು ತಪಾಸಣೆಗೆ ಬರಲಿಲ್ಲ?’ ಎಂದು ಕೇಳಿದಳು. ಹೆರಿಗೆ ಆಸ್ಪತ್ರೆಯಲ್ಲೇ ಆಗುವಂತಾಯಿತು. ಅಂದರೆ ಅಲ್ಲಿ ಲೆಕ್ಕದ ಹಿಂದೆ ಒಂದು ಹೆಸರಿತ್ತು, ಹೆಸರಿನ ಹಿಂದೆ ಕೇಳುವವರು ಒಬ್ಬರಿದ್ದರು.

ಬಿ.ಪಿ., ಸಕ್ಕರೆ, ರಕ್ತಹೀನತೆಯ ಲೆಕ್ಕಕ್ಕೆ ಆ ಭಾಗ್ಯ ಇನ್ನೂ ಪೂರ್ತಿ ಬಂದಿಲ್ಲ. ಸಮೀಕ್ಷೆಯವರು ರೋಗ ಎಷ್ಟಿದೆ ಎಂದು ಹೇಳಬಲ್ಲರು. ಅದೇ ಮನೆಗೆ ಮರುತಿಂಗಳು ಹೋಗಿ, ಮಾತ್ರೆ ನುಂಗಿದಿರಾ ಎಂದು ಕೇಳುವುದು ಅವರ ಕೆಲಸವಲ್ಲ. ಅದು ಊರಿನ ಆರೋಗ್ಯ ಕೇಂದ್ರದ ಕೆಲಸ.

2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ‘ಗೃಹ ಆರೋಗ್ಯ’ ಯೋಜನೆ ಶುರುವಾಗಿ, ಆಮೇಲೆ ಬೇರೆ ಜಿಲ್ಲೆಗಳಿಗೂ ಬಂತು. ಮೂವತ್ತು ದಾಟಿದವರನ್ನು ಮನೆಯಲ್ಲೇ ತಪಾಸಣೆ ಮಾಡುವ ಯೋಜನೆ. ಒಳ್ಳೆಯದೇ. ಆದರೆ ಹಗಲು ಹನ್ನೊಂದಕ್ಕೆ ಮನೆಯಲ್ಲಿ ಸಿಗೋರು ಯಾರು? ಅಂಗಡಿಯವರು ತಕ್ಕಡಿ ಮುಂದೆ, ಕೆಲಸಕ್ಕೆ ಹೋಗೋರು ಬಸ್ಸಿನಲ್ಲಿ. ಸಂಜೆ ಬಿಡುವಾಗಿ ಆರೋಗ್ಯ ಕೇಂದ್ರಕ್ಕೆ ಹೋದರೆ ಚೀಟಿ ಬರೆಯುವ ಕಿಟಕಿ ಮುಚ್ಚಿರುತ್ತದೆ. ‘ಅಂಗಡಿ ಬಿಟ್ಟು ಎಲ್ಲಿ ಹೋಗೋದು ಸಾರ್? ಅರ್ಧ ದಿನದ ವ್ಯಾಪಾರ ಹೋಗ್ತದೆ’ ಎನ್ನುವವರಿಗೆ ಏನು ಉತ್ತರ? ಬಿ.ಪಿ. ನೋವು ಕೊಡುವ ಕಾಯಿಲೆಯಲ್ಲ. ಸುಮ್ಮನೆ ಇರುತ್ತದೆ; ಒಂದು ದಿನ ಲಕ್ವ ಹೊಡೆದಾಗ ಮನೆಯವರಿಗೆ ಗೊತ್ತಾಗುತ್ತದೆ. ಅಲ್ಲಿಗೆ ಅರ್ಧ ದಿನದ್ದಲ್ಲ, ಜೀವಮಾನದ ವ್ಯಾಪಾರವೇ ಹೋಯಿತು.

ಆದ್ದರಿಂದ ನಮ್ಮ ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ ಕೇಳುವುದು ಮೂರೇ ಮಾತು. ಒಂದು, ಬಸ್ ನಿಲ್ದಾಣದಲ್ಲೂ ಮಾರುಕಟ್ಟೆಯಲ್ಲೂ ವಾರಕ್ಕೆರಡು ಸಂಜೆ ಒಂದು ಮೇಜು ಹಾಕಿಸಿ. ಒಬ್ಬ ನರ್ಸು, ಬಿ.ಪಿ. ಯಂತ್ರ, ಸಕ್ಕರೆ ಮತ್ತು ರಕ್ತ ನೋಡುವ ಸಾಮಾನು ಇದ್ದರೆ ಸಾಕು. ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆಯೂ ಬೇಡ. ಎರಡು, ಸಿಕ್ಕವರ ಹೆಸರು ಪುಸ್ತಕದಲ್ಲಿ ಬರೆದು, ಮಾತ್ರೆ ಕೊಟ್ಟು, ತಿಂಗಳಾದ ಮೇಲೆ ಬಾರದವರನ್ನು ವಿಚಾರಿಸಿ. ಮೂರು, ತಾಲ್ಲೂಕಿನಲ್ಲಿ ಎಷ್ಟು ಜನರನ್ನು ನೋಡಿದಿರಿ, ಎಷ್ಟು ಜನಕ್ಕೆ ಹತೋಟಿಗೆ ಬಂತು ಎಂಬುದನ್ನು ಬಸ್ ನಿಲ್ದಾಣದ ಹಲಗೆ ಮೇಲೆ ಬರೆಸಿ. ಹೆಸರು ಪುಸ್ತಕದಲ್ಲೇ ಇರಲಿ, ಲೆಕ್ಕ ಮಾತ್ರ ಎಲ್ಲರ ಕಣ್ಣಿಗೆ ಬೀಳಲಿ.

ಇನ್ನು ನಮ್ಮ ಅಂಗಡಿ ಮಾಲೀಕರಿಗೂ ಒಂದು ಮಾತು. ತಕ್ಕಡಿಗೆ ತಪ್ಪದೆ ಮುದ್ರೆ ಹಾಕಿಸ್ತೀರಿ, ಇನ್ಸ್‌ಪೆಕ್ಟರ್ ಬರ್ತಾನೆ ಅಂತ. ನಿಮ್ಮ ಬಿ.ಪಿ. ನೋಡಿಸಿದ್ದು ಯಾವಾಗ? ಅಂಗಡಿಯ ಹುಡುಗರದ್ದು? ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದು ಉಣ್ಣುವ ಹೆಂಗಸಿನ ರಕ್ತ ಎಷ್ಟಿದೆ ಅಂತ ಕೇಳಿದ್ದೀರಾ? ವಾರದ ರಜೆಯ ದಿನ ಒಂದು ಗಂಟೆ ಸಾಕು.

ಮುಂದಿನ ಸಮೀಕ್ಷೆಯವರು ಬಂದು ಬೆರಳು ಚುಚ್ಚಿಯೇ ಚುಚ್ಚುತ್ತಾರೆ. ಆಗಲಾದರೂ ಲೆಕ್ಕ ಇಳಿದಿರಬೇಕಾದರೆ ಈಗಿನಿಂದಲೇ ಮೇಜು ಹಾಕಬೇಕು. ಸಂಬಂಧಪಟ್ಟವರು ಗಮನಿಸುವರೇ?