ಆಕಾಶದ ಲೆಕ್ಕ, ನೆಲದ ದಾರಿ

ನಾಸಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ ವಿಮಾನದಲ್ಲಿ ಎಷ್ಟು ಹೊತ್ತಿನ ಪ್ರಯಾಣವೆಂದು ಮೊಬೈಲನ್ನು ವಿಚಾರಿಸಿದರೆ ಕ್ಷಣಾರ್ಧದಲ್ಲಿ ಉತ್ತರ ದೊರೆಯುವುದು. ಓಝರದ ನಿಲ್ದಾಣಕ್ಕೂ ಚಿಕಲಠಾಣೆಯ ನಿಲ್ದಾಣಕ್ಕೂ ಆಕಾಶಮಾರ್ಗದ ಅಂತರ ಸುಮಾರು 158 ಕಿಲೋಮೀಟರು. ಹಾರಾಟದ ಕಾಲ ಅರ್ಧ ಗಂಟೆಯೊಳಗೆ. ಲೆಕ್ಕದಲ್ಲಿ ದೋಷವಿಲ್ಲ. ಆದರೆ ಈ ಎರಡು ನಿಲ್ದಾಣಗಳ ನಡುವೆ ನೇರ ವಿಮಾನವೇ ಇಲ್ಲವೆಂಬುದನ್ನು ಆ ಲೆಕ್ಕವು ಹೇಳುವುದಿಲ್ಲ. ಹಾರಿಯೇ ತೀರುವೆನೆಂಬವನು ಬೇರೊಂದು ದೂರದ ನಗರವನ್ನು ಸುತ್ತಿ ಬರಬೇಕು. ಅಷ್ಟರಲ್ಲಿ ಮನಮಾಡದ ಮಾರ್ಗವಾಗಿ ರೈಲು ಹಿಡಿದ ಅವನ ಸಂಗಡಿಗನು ಊರು ಸೇರಿ, ಸ್ನಾನ ಮುಗಿಸಿ, ಗಲ್ಲಾದಲ್ಲಿ ಕುಳಿತಿರುತ್ತಾನೆ.

ಇದೇ ಭ್ರಮೆ ನಮ್ಮ ಊರಿನ ದಾರಿಯ ವಿಷಯದಲ್ಲಿಯೂ ಹಬ್ಬಿದೆ. ಓಝರದಿಂದ ಮಂಗಳೂರಿನ ಬಜಪೆಗೆ ಸರಳರೇಖೆಯಲ್ಲಿ ಸುಮಾರು 800 ಕಿಲೋಮೀಟರು, ಸಂಭಾಜಿನಗರದಿಂದ ಸುಮಾರು 765. ವಿಮಾನದ ವೇಗಕ್ಕೆ ಇದು ಒಂದೂವರೆ ಗಂಟೆಯ ಮಾತು. ಆದರೆ ನಾಸಿಕದ ಕೆಲಸಗಾರನು ಮೊದಲು ಮುಂಬಯಿಗೆ ಇಳಿಯಬೇಕು. ಗಂಟೆಗಳ ಮುಂಚೆ ನಿಲ್ದಾಣದಲ್ಲಿರಬೇಕು. ಬಜಪೆಯಲ್ಲಿಳಿದ ಮೇಲೆ ಉಡುಪಿಗೆ ಸುಮಾರು 60 ಕಿಲೋಮೀಟರು, ಅಲ್ಲಿಂದಾಚೆಗೆ ಕುಂದಾಪುರ, ಬೈಂದೂರು. ಇಡೀ ದಿನವೇ ಸಂದಿರುತ್ತದೆ. ತಾಯಿಗೆ ವಿಷಮಿಸಿತೆಂಬ ಸುದ್ದಿ ಕೇಳಿ ಆ ದಿನವೇ ಟಿಕೆಟು ಕೊಳ್ಳುವವನ ಪಾಡನ್ನು ವಿವರಿಸಬೇಕಾಗಿಲ್ಲ.

ನಿಜವಾಗಿ ನಮ್ಮವರನ್ನು ಊರಿಗೆ ಹತ್ತಿರ ತಂದದ್ದು ವಿಮಾನವಲ್ಲ, 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲ್ವೆ. ರೋಹಾದಿಂದ ತೋಕೂರಿನವರೆಗೆ 741 ಕಿಲೋಮೀಟರುಗಳ ಆ ದಾರಿ ತೆರೆದ ಮೇಲೆ, ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ನಾಸಿಕ ರೋಡಿನಲ್ಲಿ ಹತ್ತಿದವನು ಕಲ್ಯಾಣ, ಪನವೇಲಗಳನ್ನು ದಾಟಿ, ಗಾಡಿ ಬದಲಿಸದೆ ಉಡುಪಿಯಲ್ಲಿಳಿಯಬಹುದು. ಸಂಭಾಜಿನಗರದವನಿಗೆ ಆ ಭಾಗ್ಯವಿಲ್ಲ. ಅವನು ಮೊದಲು ಈ ಕಡೆಗೆ ಬರಬೇಕು. ಮಳೆಗಾಲದಲ್ಲಂತೂ ಈ ಮಾರ್ಗದ ಗಾಡಿಗಳ ವೇಗವನ್ನೇ ತಗ್ಗಿಸುತ್ತಾರೆ. 2025ರ ಜೂನಿನಲ್ಲಿ 701 ಕಿಲೋಮೀಟರಿನ ಸಮೃದ್ಧಿ ಮಹಾಮಾರ್ಗವೂ ಪೂರ್ತಿಯಾಯಿತು, ಸಂತೋಷ. ಕಾರುಳ್ಳವರಿಗೆ ಅದು ವರವೇ ಸರಿ. ನಮ್ಮ ಮಾಣಿಗಳಲ್ಲಿ ಕಾರುಳ್ಳವರೆಷ್ಟು ಮಂದಿ?

ಇಷ್ಟನ್ನು ಬರೆಯಲು ಕಾರಣವುಂಟು. "ಈಗ ವಿಮಾನವಿದೆಯಲ್ಲ, ನಾಲ್ಕು ದಿನ ಸಾಕು" ಎಂದು ರಜೆಯನ್ನು ಮೊಟಕುಗೊಳಿಸುವ ಮಾತು ಕೆಲವು ಮಾಲಿಕರ ಬಾಯಲ್ಲಿ ಕೇಳಿಬರುತ್ತಿದೆ. ನಾವೂ ಹೋಟೆಲು ನಡೆಸಿದವರೇ. ಭಟ್ಟರಿಲ್ಲದ ದಿನ ದೋಸೆಯ ಕಾವಲಿಗೆ ಒದಗುವ ಗತಿಯನ್ನೂ, ಗಿರಾಕಿಗಳ ಮುಖವನ್ನೂ ಬಲ್ಲೆವು. ಆದರೂ ನಾಲ್ಕು ದಿನಗಳಲ್ಲಿ ಎರಡು ದಿನ ದಾರಿಗೇ ಹೋದರೆ, ಉಳಿದೆರಡು ದಿನಗಳಲ್ಲಿ ಅವನು ತಂದೆಯನ್ನು ಆಸ್ಪತ್ರೆಗೆ ತೋರಿಸುವನೇ, ಗದ್ದೆಯ ವ್ಯವಹಾರ ನೋಡುವನೇ, ಮಕ್ಕಳೊಡನೆ ಕೂರುವನೇ? ಪ್ರಯಾಣದ ದಿನಗಳನ್ನು ರಜೆಯ ಲೆಕ್ಕದಿಂದ ಹೊರಗಿಡುವುದು ನ್ಯಾಯ. ಕಚೇರಿಗಳ ಗುಮಾಸ್ತರಾದರೋ ಅರ್ಜಿ ಬರೆದು ಕೇಳಬಲ್ಲರು. ಹೋಟೆಲಿನ ಹುಡುಗನು ಬಾಯಿಬಿಟ್ಟು ಕೇಳುವುದೂ ಕಷ್ಟ. ಸಾವುನೋವಿನ ಸಂದರ್ಭದಲ್ಲಿ ಮಾಲಿಕರೇ ಟಿಕೆಟು ಕೊಂಡುಕೊಟ್ಟು, ಹಣವನ್ನು ಬಡ್ಡಿಯಿಲ್ಲದೆ ತಿಂಗಳು ತಿಂಗಳು ಹಿಡಿದುಕೊಳ್ಳಲಿ. ಎರಡೂ ನಗರಗಳ ಕನ್ನಡ ಬಾಂಧವರು ಇದಕ್ಕಾಗಿ ಒಂದು ಸಣ್ಣ ನಿಧಿಯನ್ನು ಕೂಡಿಸಿದರೆ ಮಾಲಿಕರ ಭಾರವೂ ಇಳಿಯುವುದು.

ಇನ್ನೊಂದು ಮಾತು. 2024ರ ನವೆಂಬರಿನಿಂದ ರೈಲಿನ ಮುಂಗಡ ಕಾದಿರಿಸುವಿಕೆ 60 ದಿನಗಳಿಗೆ ಸೀಮಿತವಾಗಿದೆ. ಬಾಗಿಲು ತೆರೆದ ದಿನವೇ ಹಬ್ಬದ ಸೀಟುಗಳಿಗೆ ನೂಕುನುಗ್ಗಲು. ಆದ್ದರಿಂದ ಚೌತಿಗೆ ಊರಿಗೆ ಹೋಗುವವರಾರೆಂಬುದನ್ನು ಮಾಲಿಕರು ಎರಡು ತಿಂಗಳಿಗೆ ಮೊದಲೇ ನಿಶ್ಚಯಿಸಿ, ಹೆಸರುಗಳ ಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಬೇಕೆಂದು ಕೋರುತ್ತೇವೆ.